ಲೆಫ್ಟ್ ಔಟ್ ನಿಂತ ಗಂಡು

ಫುಟ್‌ಬಾಲ್ ತಂಡದ ವ್ಯೂಹವನ್ನು ನಾಲ್ಕು-ಮೂರು-ಮೂರು ಎಂದು ಅಂಕಿಗಳಲ್ಲಿ ಹೇಳುತ್ತಾರೆ. ಕೂಡಿಸಿ ನೋಡಿ, ಹತ್ತೇ ಆಗುತ್ತದೆ. ಪಾಪ, ಗೋಲ್‌ಕೀಪರನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನನ್ನು ಲೆಕ್ಕಕ್ಕೆ ಹಿಡಿದಿದ್ದರು. ಅದೇ ತೊಂದರೆಯಾದದ್ದು.

ಎಂಬತ್ತರ ದಶಕದ ಮಾತು. ಇಳಕಲ್‌ನಲ್ಲಿ ನಮಗೆ ಆಟ ಕಲಿಸುತ್ತಿದ್ದವರು ಗೌಸ್ ಮಾಸ್ತರರು. ಅವರು ಕಲಕತ್ತೆಗೆ ಹೋದಾಗ ದೇಶದ ತಂಡ ಅಭ್ಯಾಸ ಮಾಡುವುದನ್ನು ಕಾಂಪೌಂಡಿನ ಮೇಲೆ ಹತ್ತಿ ಕುಳಿತು ನೋಡಿದ್ದರು. ಊರಿಗೆ ಮರಳಿದ್ದೇ ತಡ, "ದೇಶದ ತಂಡ ಆಡೂದು ಹಿಂಗ. ನಾವೂ ಹಿಂಗ ಆಡೂದು. ಇಳಕಲ್ ಏನು ದೇಶದ ಹೊರಗ ಐತೇನು?" ಎಂದರು.

ಅಮೀನಗಡದ ಕರದಂಟಿನ ತುಂಡುಗಳನ್ನು ಹಾಳೆಯ ಮೇಲೆ ಜೋಡಿಸಿ ಪಾಠ ಶುರುಮಾಡಿದರು. ಹಿಂದೆ ನಾಲ್ವರು ಕೋಟೆ ಕಾಯಬೇಕು, ನಡುವಿನ ಮೂವರು ಚೆಂಡು ಸಾಗಿಸಬೇಕು, ಮುಂದಿನ ಮೂವರು ಗೋಲು ಹೊಡೆಯಬೇಕು. ಪಾಠ ಮುಗಿಯುವಷ್ಟರಲ್ಲಿ ನಮ್ಮ ಗೋಲ್‌ಕೀಪರ್ ತನ್ನ ಮುಂದಿದ್ದ ನಾಲ್ವರನ್ನೂ ತಿಂದಿದ್ದ. ಅಭಿಮನ್ಯುವಿಗೆ ವ್ಯೂಹದ ಒಳಗೆ ಹೋಗುವುದಾದರೂ ಗೊತ್ತಿತ್ತು. ನಮಗೆ ಅದರ ರುಚಿಯಷ್ಟೇ ಗೊತ್ತಾಯಿತು.

ನನ್ನ ಪಾಲಿಗೆ ಬಂದದ್ದು ಲೆಫ್ಟ್ ಔಟ್. ಮುಂದಿನ ಸಾಲಿನಲ್ಲಿ, ಎಡಗಡೆಯ ಗೆರೆಗೆ ಅಂಟಿಕೊಂಡು ಆಡುವ ಜಾಗ.

ಬದಾಮಿಯ ತಂಡ ಲಾರಿಯಲ್ಲಿ ಬಂದಿಳಿಯಿತು. ಆಟ ಶುರುವಾಯಿತು. ಚೆಂಡು ಬಲಗಡೆಯಲ್ಲೇ ಹೊರಳಾಡುತ್ತಿತ್ತು. ಗೆರೆಯಾಚೆ, ನನ್ನ ಪಕ್ಕದಲ್ಲೇ ರುಮಾಲು ಸುತ್ತಿದ್ದ ಹಿರಿಯರೊಬ್ಬರು ಕುಳಿತಿದ್ದರು.

"ಯಾಕ ತಮ್ಮಾ, ನೀವು ಆಡೂದಿಲ್ಲೇನ್ರಿ?"

"ಆಡಾಕತ್ತೇನ್ರಿ. ಲೆಫ್ಟ್ ಔಟ್ ಅದೀನ್ರಿ."

ಅವರಿಗೆ ಗೊತ್ತಿದ್ದದ್ದು ಕ್ರಿಕೆಟ್ ಒಂದೇ. "ಅಯ್ಯ, ಔಟಾದ ಮ್ಯಾಲೆ ಬಿಸಲಾಗ ಯಾಕ ನಿಂತೀರಿ? ಬರ್ರಿ, ಕುಂದರ್ರಿ" ಎಂದು ಮರುಗಿದರು. ನಾನು ಕೂಡಲಿಲ್ಲ, ಆದರೆ ಮಾತಿಗೆ ನಿಂತೆ.

"ನಾ ಬದಾಮಿ ಸಂಗಪ್ಪ. ನಿಮ್ಮ ತಂಡದಾಗ ಮಲ್ಲಿಕಾರ್ಜುನ ಅಂತ ಅದಾನಂತಲ್ಲ, ನನ್ನ ಮಗಳಿಗೆ ಅವನ್ನ ಮಾಡಬೇಕಂತೇವಿ. ಹೇಳದ ಕೇಳದ ನೋಡಿ ಹೋಗೂಣಂತ ಬಂದೇನಿ. ಹುಡುಗ ಹೆಂಗ್ರಿ?"

ಆ ಮಲ್ಲಿಕಾರ್ಜುನ ನಾನೇ. ನನ್ನನ್ನು ನಾನೇ ಹೊಗಳಿಕೊಳ್ಳಲು ನಾಚಿಕೆ, ತೆಗಳಿದರೆ ಹೆಣ್ಣು ಕೈತಪ್ಪುತ್ತದೆ.

"ಅಷ್ಟಕ್ಕಷ್ಟರಿ" ಎಂದೆ.

"ಶಾಣ್ಯಾ ಅದಾನೇನ್ರಿ?"

"ಅದೂ ಅಷ್ಟಕ್ಕಷ್ಟರಿ. ಆದರ ಚಟ ಇಲ್ಲರಿ, ಸಿಟ್ಟೂ ಇಲ್ಲ. ಊಟ ಮಾತ್ರ ಭಾಳ ಚಲೋ ಮಾಡತಾನ್ರಿ."

ಅಷ್ಟರಲ್ಲಿ ಗೌಸ್ ಮಾಸ್ತರರ ದನಿ ಮೈದಾನ ಸೀಳಿ ಬಂತು: "ಮಲ್ಲಿಕಾರ್ಜುನಾ! ಚೆಂಡು ಬಂತು, ಹೊಡಿಯಲೇ!"

ತಿರುಗಿ ಕಾಲೆತ್ತಿದೆ. ಚೆಂಡು ಕಾಲ ಕೆಳಗೆ ನುಸುಳಿ ಸಂಗಪ್ಪನವರ ಧೋತರದ ಮಡಿಲಲ್ಲಿ ಹೋಗಿ ಕುಳಿತಿತು. ಅವರು ಚೆಂಡನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. "ಅಂದ್ರ... ನೀವ ಏನ್ರಿ?"

"ಹೂಂನ್ರಿ."

ಅವರು ಚೆಂಡನ್ನು ಬದಾಮಿಯವರಿಗೆ ಎಸೆದರು. ಬದಾಮಿಯವರು ಅಲ್ಲಿಂದಲೇ ನೇರ ಒಯ್ದು ಗೋಲು ಹೊಡೆದರು. ನಾವು ಅದೊಂದೇ ಗೋಲಿನಿಂದ ಸೋತೆವು. ಸಂಗಪ್ಪನವರು ಲಾರಿ ಹತ್ತಿ ಹೋಗಿಬಿಟ್ಟರು.

ಮನೆಯಲ್ಲಿ ಅವ್ವ ಹಣೆ ಬಡಿದುಕೊಂಡಳು. "ಹೆಣ್ಣಿನ ಅಪ್ಪನ ಮುಂದ ಚಡ್ಡಿ ಮ್ಯಾಲೆ ನಿಂತೀಯಲ್ಲೋ!" ಅವಳಿಗೆ ಗೋಲಿನ ಚಿಂತೆ ಇರಲಿಲ್ಲ. ನನಗೂ ಇರಲಿಲ್ಲವೆನ್ನಿ. ನೋಡದ ಹುಡುಗಿಯನ್ನು ನೆನೆದು ಆ ವಾರವೆಲ್ಲ ಒಂದೊಂದೇ ರೊಟ್ಟಿ ತಿಂದು ಎದ್ದೆ.

ಆಮೇಲೆ ಬದಾಮಿಯಿಂದ ಒಪ್ಪಿಗೆ ಬಂತು! ಯಾಕೆಂಬುದನ್ನು ಮದುವೆಯಾದ ಮೇಲೆ ಹೆಂಡತಿ ಹೇಳಿದಳು. ಮಾವನವರು ಅಂದು ಮನೆಗೆ ಹೋದವರೇ, "ಹುಡುಗನ ಬಗ್ಗೆ ಇಳಕಲ್‌ನ್ಯಾಗ ನಾಕ ಮಂದಿನ್ನ ಕೇಳಿದ್ನಿ. ಎಲ್ಲಾರೂ ಹೊಗಳಿದ್ರು. ಖರೆ ಹೇಳಿದಾವ ಹುಡುಗ ಒಬ್ಬನ. ಆಟದಾಗ ಚೆಂಡಿನ ಕಡೆ ನೋಡಲಿಲ್ಲ, ಹಿರ್ಯಾರ ಮಾತಿಗೆ ಕಿವಿ ಕೊಟ್ಟು ನಿಂತಿದ್ದ" ಎಂದರಂತೆ.

ಇದನ್ನು ಗೌಸ್ ಮಾಸ್ತರರಿಗೆ ಹೇಳಿದೆ. ಅವರು, "ಹತ್ತು ಮಂದಿ ಸೋತು ಒಬ್ಬಾವ ಗೆಲ್ಲೂದು ಯಾವ ದೇಶದ ವ್ಯೂಹಲೇ ಅದು?" ಎಂದರು.

"ಬದಾಮಿದ್ರಿ" ಎಂದೆ. ತಪ್ಪೇನು? ಚಾಲುಕ್ಯರ ಕಾಲಕ್ಕೆ ಅದೂ ಒಂದು ದೇಶವೇ ಆಗಿತ್ತಲ್ಲ.