ಶಂಕರಪುರದ ಸಮುರಾಯಿ

ಶಂಕರಪುರದ ನಮ್ಮ ಮನೆಯ ಹಿಂಬಾಗಿಲಿಗೆ ಒರಗಿ ನಿಂತಿರುವ ದೋಟಿಯನ್ನು, ಎಂದರೆ ನುಗ್ಗೆ ಮಾವುಗಳನ್ನು ಕೊಯ್ಯಲು ತುದಿಗೆ ಕತ್ತಿ ಕಟ್ಟಿದ ಉದ್ದನೆಯ ಕೋಲನ್ನು, ನಾನು ಗೌರವದಿಂದ ನೋಡತೊಡಗಿದ್ದು ಇತ್ತೀಚೆಗೆ. ಹಳೆಯ ಜಪಾನಿನ ಸಮುರಾಯಿ ಮನೆತನದ ಹೆಂಗಸರು ಹೆಚ್ಚುಕಡಿಮೆ ಇಂಥದೇ ಆಯುಧ ಹಿಡಿಯುತ್ತಿದ್ದರಂತೆ. ನಗಿನಾತಾ ಎಂದು ಅದರ ಹೆಸರು. ಗಂಡ ಒಡೆಯನ ಯುದ್ಧಕ್ಕೆ ಹೋದರೆ ಮನೆ ಕಾಯುವುದು ಹೆಂಡತಿಯ ಪಾಲು. ಮಣಿಪಾಲದಲ್ಲಿ ಚರಿತ್ರೆಯ ಪಾಠ ಮಾಡುವ ನನಗೆ ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಊಟ ಸೇರುವುದಿಲ್ಲ. ವಿದ್ಯಾರ್ಥಿಗಳು ಆಕಳಿಸುತ್ತಾರೆ, ಗಂಡನ ತಾಯಿ, ನನ್ನ ಅತ್ತೆಯಾದರೆ ಮಲ್ಲಿಗೆ ಕಟ್ಟುತ್ತಾ ಕೇಳುತ್ತಾರೆ. ಅವರಿಗೆ ತುಂಬಾ ಹಿಡಿಸಿದ್ದು ಒಂದು ಪದ್ಧತಿ: ಅಲ್ಲಿನ ವೀರರು ಎದುರಾಳಿಯ ಮುಂದೆ ನಿಂತು ತಮ್ಮ ಹೆಸರು, ಮನೆತನ, ಹಿರಿಯರ ಪ್ರತಾಪ ಎಲ್ಲವನ್ನೂ ಸಾರಿ, ಆಮೇಲೆ ಕತ್ತಿ ಎತ್ತುತ್ತಿದ್ದರಂತೆ. "ಅದು ಕ್ರಮ," ಎಂದರು ಅತ್ತೆ.

ವಾರ ಕಳೆಯುವುದರೊಳಗೆ ಆ ಕ್ರಮದ ಪ್ರಯೋಗಕ್ಕೆ ಸಂದರ್ಭ ಒದಗಿತು. ಪಕ್ಕದಲ್ಲಿ ಹೊಸದಾಗಿ ಮನೆ ಕಟ್ಟಿಸುತ್ತಿದ್ದವರ ಲಾರಿ ನಮ್ಮ ಮಲ್ಲಿಗೆಯ ಒಂದಿಡೀ ಸಾಲಿನ ಮೇಲೆ ಜಲ್ಲಿ ಸುರಿದು ಹೋಗಿತ್ತು. ಅತ್ತೆ ಕೈಯಾರೆ ನೆಟ್ಟು ಮಕ್ಕಳಂತೆ ಸಾಕಿದ ಗಿಡಗಳು. ಅವರ ಕಣ್ಣಲ್ಲಿ ನೀರಿತ್ತು. ನುಗ್ಗೆಕಾಯಿ ಕೊಯ್ಯುತ್ತಿದ್ದ ಅವರು ದೋಟಿಯನ್ನು ಕೆಳಗಿಡುವುದನ್ನೂ ಮರೆತು ಹೊರಟರು. ಚರಿತ್ರೆಯ ಪರವಾಗಿ ನಾನು ಬೆನ್ನ ಹಿಂದೆ.

ಆ ಮನೆಯೊಡತಿ ಹೊರಗೆ ಬಂದರು. ಅತ್ತೆ ದೋಟಿಯನ್ನು ನೆಲಕ್ಕೂರಿ, ಗಂಟಲು ಸರಿಪಡಿಸಿಕೊಂಡು, ತಮ್ಮ ಹೆಸರು, ಕಾರ್ಕಳದ ತಾಯಿಮನೆ, ತಾಯಿಯ ಕಡೆಯಿಂದ ಬಂದ ಬಳಿ ಎಂಬ ಕುಲದ ಹೆಸರು, ಎಲ್ಲವನ್ನೂ ಸಾರಿದರು. ಎದುರಿನವರೂ ಬಿಟ್ಟುಕೊಡದೆ ಉಚ್ಚಿಲದ ತಮ್ಮ ಮನೆತನವನ್ನೂ ಬಳಿಯನ್ನೂ ಹೇಳಿದರು. ನೋಡಿದರೆ ಇಬ್ಬರದೂ ಒಂದೇ ಬಳಿ. ನಮ್ಮ ತುಳುನಾಡಿನಲ್ಲಿ ಹಾಗೆಂದರೆ ಒಡಹುಟ್ಟಿದವರ ಲೆಕ್ಕ. ತಂಗಿಯ ಮೇಲೆ ದೋಟಿ ಎತ್ತುವುದುಂಟೇ?

ಚಹಾ ಬಂತು. "ಜಲ್ಲಿ ಬಿದ್ದದ್ದು ನಿಮ್ಮ ಗಿಡದ ಮೇಲಾ ಅಕ್ಕ?" ಎಂದು ಆಕೆ ಕೇಳಿದರು.

"ಗಿಡ ಎಂತ ದೊಡ್ಡದು ಮಾರಾಯ್ತಿ, ಹೋದರೆ ಹೋಯ್ತು," ಎಂದರು ನನ್ನ ಸೇನಾಪತಿ.

ಸ್ನೇಹಿತರೇ, ನನಗೆ ಸಿಟ್ಟು ಬಂತು. ಜಪಾನಿನವರು ತಕ್ಕ ಎದುರಾಳಿ ಸಿಗಲೆಂದು ವಂಶ ಹೇಳಿಕೊಂಡರು. ನಾವು ಜಗಳಕ್ಕೆ ಹೋದಲ್ಲಿಯೂ ನೆಂಟರನ್ನು ಹುಡುಕುತ್ತೇವೆ. ಹೀಗಾದರೆ ನಮ್ಮ ಕಡೆ ಯುದ್ಧಗಳು ನಡೆದದ್ದಾದರೂ ಹೇಗೆ? ಆ ರಾತ್ರಿ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಆ ತಂಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಲ್ಲಿಯನ್ನು ಬುಟ್ಟಿಗೆ ತುಂಬುತ್ತಿದ್ದರು. ಅತ್ತೆ ಸೇರಿದರು, ನಾನೂ ಇಳಿದೆ. ರೆಂಬೆಗಳು ಜಜ್ಜಿಹೋಗಿದ್ದವು, ಬುಡದಲ್ಲಿ ಮಾತ್ರ ಹಸಿರಿತ್ತು. "ಜೀವ ಉಂಟು," ಎಂದರು ಅತ್ತೆ. ಅಂಚಿನ ಗಿಡದಲ್ಲಿ ಉಳಿದಿದ್ದ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟಿ ತಂಗಿಯ ತುರುಬಿಗೆ ಮುಡಿಸಿದರು. ಬೇರೆ ಬಳಿಯವಳಾದ ನಾನು ಜಲ್ಲಿ ಹೊತ್ತು ನೊಂದ ಸೊಂಟ ಹಿಡಿದುಕೊಂಡೇ, ನನಗೂ ಮುಡಿಸಲೆಂದು ತಲೆ ಬಗ್ಗಿಸಿ ಕಾದೆ.

"ಹೂ ಮುಗಿಯಿತು," ಎಂದರು ಅತ್ತೆ. "ಅವಳು ನೆಂಟಳು, ಕೊಡಬೇಕು. ನೀನು ಮನೆಯವಳು, ಅಲ್ವಾ?"