ಹಾಯಿಹಡಗಿನ ಮ್ಯಾಲ ಹುಸೇನಮ್ಮನ ಗಂಟು

ಗೆಳೆಯರೇ, ಇವತ್ತು ನಮ್ಮ ಒಂಬತ್ತನೇ ಕ್ಲಾಸಿನ ಹುಸೇನಮ್ಮನ ಕೆಲಸ ಕೇಳ್ರಿ. ಮಾನ್ವಿಯಿಂದ ಸಾಲಿ ಮಕ್ಕಳನ್ನ ಕರಾವಳಿಗೆ, ಒಂದು ಹಳೇ ಹಾಯಿಹಡಗಿನ ಮ್ಯಾಲ ಪಾಠಕ್ಕ ಕರಕೊಂಡು ಬಂದೀನಿ. ಕಲಿಸೋ ನಾವಿಕರೊಬ್ಬರು ಹುಡುಗರ ಕೈಗೆ ಹಾಯಿಯ ಹಗ್ಗ ಕೊಟ್ಟು, "ಹುಡುಗಿಯರು ಕೂತು ನೋಡಿ, ಇದು ಶಕ್ತಿಯ ಕೆಲಸ" ಅಂದರು.

ನಾನು ಬಾಯಿ ತೆಗೆಯೋದರೊಳಗ ಹುಸೇನಮ್ಮ ಎದ್ದು ನಿಂತಳು. "ಸರ್, ನಮ್ಮಪ್ಪ ರಾಯಚೂರಿನ ಹತ್ತಿ ಮಿಲ್ಲಿನಾಗ ಲಾರಿ ಲೋಡಿಗೆ ಹಗ್ಗ ಬಿಗಿತಾನ್ರಿ. ನನಗೂ ಬರ್ತದ."

ಅಷ್ಟರಾಗ ಗಾಳಿ ಜೋರಾತು. ಹುಡುಗರು ಹಾಕಿದ ಗಂಟು ಜಾರಿ ಹಾಯಿ ಪಟಪಟ ಬಡಕೊಳ್ಳಾಕತ್ತಿತು. ನಾವಿಕರು ಹಗ್ಗ ಎಳೆದು ಹಿಡಿದು, "ಬಾ, ಹಾಗಾದರೆ ಕಟ್ಟು" ಅಂದರು. ಆಕಿ ಎರಡು ಸುತ್ತು ಹಾಕಿ, ಕಾಲು ಒತ್ತಿ ಜಗ್ಗಿ, ಗಂಟು ಬಿಗಿದಳು. ಅವರು ಎರಡೂ ಕೈಲೆ ಎಳೆದು ನೋಡಿದರೂ ಅದು ಅಳ್ಳಾಡಲಿಲ್ಲ.

"ಈ ಗಂಟಿನ ಹೆಸರೇನಮ್ಮ?" ಅಂತ ನಾವಿಕರು ಕೇಳಿದರು.

"ಹೆಸರು ಗೊತ್ತಿಲ್ರಿ ಸರ್. ಲಾರಿ ಗುಂಟೂರು ಮುಟ್ಟೋತನಕ ಬಿಚ್ಚಂಗಿಲ್ಲ."

ಆಮ್ಯಾಲ ಎಲ್ಲರಿಗೂ ಆಕಿನೇ ಕಲಿಸಿದಳು. ಹತ್ತು ವರ್ಷದಿಂದ ವಿಜ್ಞಾನ ಹೇಳೋ ನನ್ನ ಗಂಟು ಮೂರು ಸಲ ಬಿಚ್ಚಿತು. "ಲಕ್ಷ್ಯ ಇಲ್ಲರಿ ಸರ್ ನಿಮ್ಮದು" ಅಂದಳು. ಥೇಟ್ ನಾನು ಕ್ಲಾಸಿನಾಗ ಬೈಯೋ ದನಿ!