ಸರಾಸರಿ ಒಂಬತ್ತು ಜನ

ನಮ್ಮ ಬಸ್ಸಿನಲ್ಲಿ ಸರಾಸರಿ ಒಂಬತ್ತು ಜನ ಪ್ರಯಾಣ ಮಾಡುತ್ತಿದ್ದರು ಎಂದು ವಿಧಾನಸಭೆಯಲ್ಲಿ ಸರ್ಕಾರ ಉತ್ತರ ಕೊಟ್ಟಿತು. ಆ ಉತ್ತರದ ಹಾಳೆಯನ್ನು ನಾನೇ ಬೆರಳಿಟ್ಟು ಓದಿದ್ದೇನೆ. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತದ್ದು ನಿಜ, ಆದರೆ ಅಷ್ಟನ್ನು ಓದಲು ಅದು ಸಾಕು. ಅಮೃತಹಳ್ಳಿಯಿಂದ ಮತ್ತಿಕೆರೆಗೆ ಬೆಳಗಿನ ಐದೂ ಇಪ್ಪತ್ತಕ್ಕೆ ಹೊರಡುತ್ತಿದ್ದ ಆ ಬಸ್ಸಿನಲ್ಲಿ ನಲವತ್ತು ಜನಕ್ಕೆ ಕಡಿಮೆ ಇದ್ದದ್ದೇ ಇಲ್ಲ. ಹೆಚ್ಚುಕಡಿಮೆ ಎಲ್ಲರೂ ಹೆಂಗಸರೇ. ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು, ಆಫೀಸು ಗುಡಿಸುವವರು, ಕಾಲೇಜಿನ ಮೆಟ್ಟಿಲು ಒರೆಸುವವರು. ಬೇರೆಯವರು ಎದ್ದು ಹಲ್ಲುಜ್ಜುವ ಹೊತ್ತಿಗೆ ನಮ್ಮ ಅರ್ಧ ಕೆಲಸ ಮುಗಿದಿರಬೇಕು. ಹಾಗಾದರೆ ಒಂಬತ್ತು ಎಲ್ಲಿಂದ ಬಂತು? ಅದನ್ನು ಹೇಳಬೇಕೆಂದರೆ ಕಂಡಕ್ಟರ್ ರಾಧಾಮಣಿಯ ವಿಷಯ ಹೇಳಬೇಕು. ಅದರ ಜೊತೆಗೆ ನನ್ನದೂ ಸ್ವಲ್ಪ.

ರಾಧಾಮಣಿಗೆ ನಲವತ್ತಾರು ವಯಸ್ಸು. ರಾಜಾನುಕುಂಟೆ ಕಡೆಯವಳು. ಕಂಡಕ್ಟರ್ ಕೆಲಸಕ್ಕೆ ಸೇರಿ ಹದಿನೆಂಟು ವರ್ಷ. ಬೆಳಗ್ಗೆ ಎದ್ದರೆ ಹತ್ತು ಗಂಟೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕೊನೆಯ ಸ್ಟಾಪಿನಲ್ಲಿ ಹೆಂಗಸರಿಗೆ ಹೋಗಲು ಜಾಗವಿಲ್ಲವಲ್ಲ, ಅದಕ್ಕೆ. ಬಾಯಿ ಒಣಗಿದರೆ ಒಂದು ಲವಂಗ ಹಾಕಿಕೊಳ್ಳುವಳು. ಅವಳು ಹತ್ತಿರ ಬಂದಳೆಂದರೆ ಮೊದಲು ಲವಂಗದ ವಾಸನೆ, ಆಮೇಲೆ ಅವಳು. ಟಿಕೆಟ್ ಮಿಷಿನ್ನಿನ ಪಟ್ಟಿ ಉಜ್ಜಿ ಉಜ್ಜಿ ಅವಳ ಕತ್ತಿನ ಪಕ್ಕ ಕಪ್ಪು ಗೆರೆ ಬಿದ್ದಿತ್ತು. ನಿಂತಾಗ ಒಂದು ಕೈ ಯಾವಾಗಲೂ ಆ ಮಿಷಿನ್ನಿನ ಮೇಲೆ, ಮಗುವಿನ ತಲೆಯ ಮೇಲೆ ಇಟ್ಟ ಹಾಗೆ.

ಬಾಯಿ ಜೋರು. ಗಂಡಸರು ಹೆಂಗಸರ ಸೀಟಿನಲ್ಲಿ ಕೂತರೆ, "ಯಾಕಣ್ಣಾ, ಹೆರಿಗೆಗೆ ಹೋಗ್ತಿದ್ದೀರಾ?" ಎಂದು ಕೇಳಿ ಎಬ್ಬಿಸುವಳು. ಆದರೆ ನಮ್ಮ ಮೇಲೆ ಒಂದು ದಿನವೂ ರೇಗಿದವಳಲ್ಲ.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೂ ಟಿಕೆಟ್ ತೆಗೆದುಕೊಳ್ಳಲೇಬೇಕು. ಕಾಸಿಲ್ಲದ ಟಿಕೆಟ್ ಅದು. ಆಧಾರ್ ಕಾರ್ಡು ತೋರಿಸಿದರೆ ಮಿಷಿನ್ನಿನಿಂದ ಚೀಟಿ ಹರಿದು ಕೊಡುತ್ತಾರೆ. ಮೊದಮೊದಲು ರಾಧಾಮಣಿ ಎಲ್ಲರಿಗೂ ತಪ್ಪದೆ ಕೊಡುತ್ತಿದ್ದಳು. ಒಂದು ದಿನ ನನ್ನ ಪಕ್ಕ ಫಖ್ರುನ್ನೀಸಾ ನಿದ್ದೆ ಹೋಗಿದ್ದಳು. ಅವಳು ಮತ್ತಿಕೆರೆಯ ಒಂದು ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವವಳು. ಅತ್ತೆಗೆ ಹುಷಾರಿಲ್ಲದೆ ಅವಳ ಮನೆಯಲ್ಲಿ ಯಾರೂ ಸರಿಯಾಗಿ ಮಲಗಿ ವಾರವಾಗಿತ್ತು. ರಾಧಾಮಣಿ ಭುಜ ಮುಟ್ಟಿ ಎಬ್ಬಿಸಿದಳು. ಗಾಬರಿಯಲ್ಲಿ ಎದ್ದ ಫಖ್ರುನ್ನೀಸಾ ಚೀಲದೊಳಗಿನ ಚೀಲದಲ್ಲಿ ಕಾರ್ಡು ಹುಡುಕುತ್ತ ಊಟದ ಡಬ್ಬಿ ಬೀಳಿಸಿದಳು. ಅನ್ನ ಸಾರೆಲ್ಲ ಬಸ್ಸಿನ ನೆಲದ ಮೇಲೆ ಚೆಲ್ಲಿಹೋಯಿತು. ಅವಳು ಬಗ್ಗಿ ಅದನ್ನು ಕೈಯಲ್ಲಿ ಬಳಿಯುತ್ತಿದ್ದುದನ್ನು ನೋಡಿ ನನಗೆ ತಡೆಯಲಿಲ್ಲ.

"ಕಾಸಿಲ್ದ ಚೀಟಿಗೆ ಯಾಕ್ ತಾಯಿ ಇಂಗೆ ಎಬ್ಬಿಸ್ತೀಯಾ?" ಎಂದೆ. "ಮಲ್ಕಂಡವ್ರೆ, ಬಿಡು."

ಚೆಕಿಂಗಿನವರು ಬಂದರೆ ನನಗೆ ಮೆಮೊ ಕೊಡುತ್ತಾರೆ ಎಂದಳು. ಈ ಹೊತ್ತಿನಲ್ಲಿ ಯಾವ ಚೆಕಿಂಗಿನವನು ಹಾಸಿಗೆ ಬಿಟ್ಟು ಬರುತ್ತಾನೆ ಎಂದೆ. ಹಿಂದಿನ ಸೀಟಿನವರು ನಕ್ಕರು. ರಾಧಾಮಣಿಯೂ ನಕ್ಕಳು. ನಾನು ದೊಡ್ಡವಳು, ನನ್ನ ಮಾತಿಗೆ ಅಲ್ಲಿ ಸ್ವಲ್ಪ ಬೆಲೆಯಿತ್ತು.

ಅವತ್ತಿನಿಂದ ಅದೇ ರೂಢಿಯಾಯಿತು. ಎಚ್ಚರವಿದ್ದವರಿಗೆ, ನಿಂತವರಿಗೆ ಟಿಕೆಟ್. ಮಲಗಿದವರಿಗೆ ಇಲ್ಲ. ಮೊದಲ ಸ್ಟಾಪಿನಲ್ಲಿ ಹತ್ತುವ ನಾವು ಕೂತ ಕೂಡಲೇ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆವು. ರಾಧಾಮಣಿ ಹಿಂಭಾಗದ ದೀಪ ಆರಿಸಿ, ಹಂಪು ಬಂದಲ್ಲಿ ನಿಧಾನ ಮಾಡಲು ಡ್ರೈವರ್ ಅಶ್ವತ್ಥಪ್ಪನಿಗೆ ಹೇಳುವಳು. ಹೆಬ್ಬಾಳ ದಾಟಿ ನಮ್ಮ ನಮ್ಮ ಸ್ಟಾಪು ಬಂದಾಗ ಅವಳೇ ಬಂದು ಮೆಲ್ಲಗೆ ಕಿವಿಯ ಹತ್ತಿರ ಹೇಳುವಳು. ಮೂವತ್ತು ಹೆಂಗಸರು ಎಲ್ಲಿ ಇಳಿಯುತ್ತಾರೆಂಬುದು ಅವಳಿಗೆ ಬಾಯಿಪಾಠ. ಯುಗಾದಿಗೆ ನಮ್ಮ ಮನೆಯ ಒಬ್ಬಟ್ಟು, ರಂಜಾನಿಗೆ ಫಖ್ರುನ್ನೀಸಾಳ ಶ್ಯಾವಿಗೆ ಪಾಯಸ ಮೊದಲು ಹೋಗುತ್ತಿದ್ದುದು ಅವಳ ಕೈಗೆ. ಡಿಪೋದಲ್ಲಿ ಅವಳು, ನನ್ನ ಬಸ್ಸಿನಲ್ಲಿ ಇವತ್ತಿನವರೆಗೆ ಒಂದು ಜಗಳವಿಲ್ಲ ಎಂದು ಹೆಮ್ಮೆಪಡುತ್ತಿದ್ದಳಂತೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಸೋಮವಾರ ಬಸ್ಸು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಆ ಟ್ರಿಪ್ಪು ತೆಗೆದಿದ್ದಾರೆ, ಬಸ್ಸುಗಳು ಸಾಲುತ್ತಿಲ್ಲವಂತೆ ಎಂದು ರಾಧಾಮಣಿಯೇ ಫೋನು ಮಾಡಿ ಹೇಳಿದಳು. ಅವಳನ್ನು ಏಳು ಗಂಟೆಯ ಬಸ್ಸಿಗೆ ಹಾಕಿದ್ದರು. ನಾವು ಕತ್ತಲಲ್ಲಿ ಹೆಬ್ಬಾಳದವರೆಗೆ ನಡೆದು ಬೇರೆ ಬಸ್ಸು ಹಿಡಿಯತೊಡಗಿದೆವು. ಎಷ್ಟು ಬೇಗ ಹೊರಟರೂ ಮುಕ್ಕಾಲು ಗಂಟೆ ತಡ. ನಾನು ಅಡುಗೆ ಮಾಡುವ ಹಾಸ್ಟೆಲಿನವರು ಗೊಣಗಿಕೊಂಡು ಸುಮ್ಮನಾದರು. ಫಖ್ರುನ್ನೀಸಾಳ ಕ್ಯಾಂಟೀನಿನವರು ಸುಮ್ಮನಾಗಲಿಲ್ಲ. ಇನ್ನು ಒಂದು ತಿಂಗಳು ನೋಡುತ್ತೇವೆ, ಆಮೇಲೆ ಬೇರೆಯವರು ಎಂದರು.

ಸಹಕಾರನಗರದಲ್ಲಿ ನಮ್ಮ ಶಾಸಕರ ಕಚೇರಿಯಿದೆ, ಅಲ್ಲಿಗೆ ಹೋಗಿ ಅರ್ಜಿ ಕೊಡಿ ಎಂದು ಹುರಿದುಂಬಿಸಿದವಳು ರಾಧಾಮಣಿಯೇ. ತನ್ನ ವಾರದ ರಜೆಯಲ್ಲಿ ಜೊತೆಗೂ ಬಂದಳು. ಕಚೇರಿ ನೋಡಿಕೊಳ್ಳುವ ನಿರಂಜನ್ ಎಂಬ ಹುಡುಗ ಒಳ್ಳೆಯವನು, ಅವಸರವಿಲ್ಲದೆ ಕೇಳಿಸಿಕೊಂಡ. ದಿನಕ್ಕೆ ನಲವತ್ತು ಜನ ಎಂದು ಬರೆಸಿದವಳೂ ರಾಧಾಮಣಿ. ನಾವು ಹೆಬ್ಬೆರಳೋ ಸಹಿಯೋ ಹಾಕಿದೆವು. ಶಾಸಕರು ಇದನ್ನು ಸದನದಲ್ಲೇ ಕೇಳುತ್ತಾರೆ ಎಂದ ನಿರಂಜನ್.

ಕೇಳಿದರು. ಮೂರು ವಾರಕ್ಕೆ ಉತ್ತರ ಬಂತು. ನಿರಂಜನ್ ಕರೆಸಿದ್ದಕ್ಕೆ ನಾವು ಹತ್ತು ಹನ್ನೆರಡು ಜನ ಹೋದೆವು. ರಾಧಾಮಣಿಯೂ ಹಸಿರು ಸೀರೆ ಉಟ್ಟು ಬಂದಿದ್ದಳು. ಹಾಳೆಯಲ್ಲಿ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ನಿರಂಜನ್ ಗಟ್ಟಿಯಾಗಿ ಓದಿದ. ಬಸ್ಸು ನಿಲ್ಲಿಸಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. ಬಂದಿದ್ದಲ್ಲಿ ಕಾರಣವೇನು? ಟಿಕೆಟ್ ಯಂತ್ರದ ದಾಖಲೆಯಂತೆ ಸದರಿ ಟ್ರಿಪ್ಪಿನಲ್ಲಿ ಸರಾಸರಿ ಒಂಬತ್ತು ಜನ ಪ್ರಯಾಣಿಕರು ಮಾತ್ರ ಪ್ರಯಾಣಿಸಿರುವುದರಿಂದ ಹಿಂಪಡೆಯಲಾಗಿದೆ. ಮರಳಿ ಆರಂಭಿಸಲು ಕೈಗೊಂಡ ಕ್ರಮವೇನು? ಉದ್ಭವಿಸುವುದಿಲ್ಲ.

ಉದ್ಭವಿಸುವುದಿಲ್ಲ ಎಂದರೆ ಏನಪ್ಪಾ ಎಂದು ಯಾರೋ ಕೇಳಿದರು. ಆ ಮಾತೇ ಏಳುವುದಿಲ್ಲ ಅಂತ, ಎಂದ ನಿರಂಜನ್.

ಫಖ್ರುನ್ನೀಸಾ ಮೊದಲು ನಕ್ಕಳು. "ಒಂಬತ್ ಜನ ಅಂತೆ! ಹಂಗಾದ್ರೆ ನಾನ್ ಯಾರು, ದೆವ್ವಾನಾ? ದಿನಾ ಕಿಟಕಿ ಪಕ್ಕ ಕೂತಿದ್ದು ದೆವ್ವ ನೋಡ್ರೀ."

ಎಲ್ಲರೂ ನಕ್ಕರು, ಆಮೇಲೆ ಬೈದರು. ಸದನಕ್ಕೆ ಸುಳ್ಳು ಹೇಳುವ ಹಾಗಿಲ್ಲ, ಈ ಉತ್ತರ ಬರೆದುಕೊಟ್ಟ ಡಿಪೋದವರನ್ನು ಬಿಡುವುದಿಲ್ಲ ಎಂದು ನಿರಂಜನ್ ಮೇಜು ತಟ್ಟಿದ. ನಾನು ರಾಧಾಮಣಿಯ ಕಡೆ ನೋಡಿದೆ. ಅವಳ ಕೈ ಎದೆಯ ಹತ್ತಿರ ಹೋಗಿತ್ತು. ಮಿಷಿನ್ ಅಲ್ಲಿರಲಿಲ್ಲ. ಕೈ ಅಲ್ಲೇ ಸೆರಗು ಹಿಡಿದುಕೊಂಡು ನಿಂತಿತು. ಅವಳೂ ನನ್ನನ್ನು ನೋಡಿದಳು. ಇಬ್ಬರಿಗೂ ಗೊತ್ತಾಯಿತು.

ಹೊರಗೆ ಬಂದ ಮೇಲೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತೆವು. ಅವಳೇ ಮಾತು ತೆಗೆದಳು.

"ಅವ್ರು ಸುಳ್ಳು ಬರ್ದಿಲ್ಲ ಅಜ್ಜಿ. ನನ್ ಮಿಷಿನ್ ಹೇಳಿದ್ದನ್ನೇ ಬರ್ದಿದಾರೆ. ಮಲಗಿದ್ದೋರು ಯಾರೂ ಅದ್ರಲ್ಲಿ ಇಲ್ಲ."

ಆಗ ನಾನು ಹೇಳಬೇಕಾಗಿದ್ದ ಮಾತು ಒಂದೇ. ಎಬ್ಬಿಸಬೇಡ ಎಂದವಳು ನಾನು, ತಪ್ಪು ನನ್ನದು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಸುಮ್ಕಿರು ತಾಯಿ. ಯಾರ್‌ಗೆ ಗೊತ್ತಾಯ್ತದೆ?"

ಅವಳ ಕೆಲಸ ಉಳಿಯಲಿ ಎಂದು ಹಾಗೆ ಹೇಳಿದೆ ಎಂದು ಆಗ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಫಖ್ರುನ್ನೀಸಾಳ ಎದುರು ನನ್ನ ಹೆಸರು ಬರಬಾರದಿತ್ತು, ಅಷ್ಟೇ.

ಎಂಟು ದಿನ ರಾಧಾಮಣಿಯ ಸುದ್ದಿಯಿಲ್ಲ. ಅಷ್ಟರಲ್ಲಿ ಕ್ಯಾಂಟೀನಿನವರು ಫಖ್ರುನ್ನೀಸಾಳಿಗೆ ಈ ತಿಂಗಳೇ ಕೊನೆ ಎಂದು ಹೇಳಿದ್ದರು. ಅವಳು ಕಂಡಕಂಡವರಿಗೆಲ್ಲ ಸರ್ಕಾರದವರು ನನ್ನನ್ನು ದೆವ್ವ ಮಾಡಿದರು ಎಂದು ಹೇಳಿಕೊಂಡು ತಿರುಗುತ್ತಿದ್ದಳು. ನನ್ನ ಮುಂದೆಯೂ ಹೇಳಿದಳು. ನಾನು ಹೂಂ ಎಂದೆ.

ಒಂಬತ್ತನೆಯ ದಿನ ರಾಧಾಮಣಿ ಯೂನಿಫಾರ್ಮಿನಲ್ಲೇ ನನ್ನ ಮನೆ ಬಾಗಿಲಿಗೆ ಬಂದಳು. ಮುಖ ಸಣ್ಣಗಾಗಿತ್ತು. ಡಿಪೋದ ಗುಮಾಸ್ತ ನಾಗೇಶನಿಗೆ, ಸುಳ್ಳು ಲೆಕ್ಕ ಬರೆದಿದ್ದೀಯ ಎಂದು ನೋಟೀಸು ಬಂದಿತ್ತಂತೆ. ಅವಳ ಎದುರಿಗೇ ಅವನು ಮಿಷಿನ್ನಿನ ಚೀಟಿಗಳನ್ನೆಲ್ಲ ಹರಡಿಕೊಂಡು ಮತ್ತೆ ಮತ್ತೆ ಕೂಡುತ್ತಿದ್ದನಂತೆ, ಎಲ್ಲಿ ತಪ್ಪಿದೆ ಎಂದು. "ಕೂಡಿದಷ್ಟ್ ಸಲಾನೂ ಒಂಬತ್ತೇ ಬರುತ್ತೆ ಅಜ್ಜಿ. ಪಾಪ, ಟೀ ಬೇಕಾ ಮೇಡಂ ಅಂತ ನನ್ನೇ ಕೇಳ್ತಾನೆ." ನಿರಂಜನ್ ಹತ್ತಿರ ಹೋಗುತ್ತೇನೆ, ಒಬ್ಬಳೇ ಹೋಗಲು ಕಾಲು ಬರುತ್ತಿಲ್ಲ, ಜೊತೆಗೆ ಬನ್ನಿ ಎಂದಳು.

ಹೋದೆ. ಅವಳು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ಬಸ್ಸಿನಲ್ಲಿ ನಲವತ್ತು ಜನ ಇದ್ದದ್ದೂ ನಿಜ, ಒಂಬತ್ತು ಟಿಕೆಟ್ ಕೊಟ್ಟದ್ದೂ ನಿಜ ಎಂದಳು. ಹೆಬ್ಬಾಳದ ಸ್ಟಾಪಿನಲ್ಲಿ ಕ್ಯಾಮೆರಾ ಇದೆ, ತೆಗೆಸಿ ನೋಡಿ ಎಂದಳು. ನಿರಂಜನ್ ಪೆನ್ನು ಕೆಳಗಿಟ್ಟ. ಆಮೇಲೆ ಕೇಳಿದ, "ಟಿಕೆಟ್ ಬೇಡ ಅಂತ ಯಾರಾದ್ರೂ ಹೇಳಿದ್ರಾ ಮೇಡಂ ನಿಮ್ಗೆ? ಪ್ಯಾಸೆಂಜರ್ಸೇ ಬೇಡ ಅಂದಿದ್ರೆ ಬೇರೆ ಥರ ಬರೀಬಹುದು."

ನಾನು ಅವಳ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಪಿನ್ನು ಹಾಕಿತ್ತು. ಅದನ್ನೇ ನೋಡುತ್ತಿದ್ದೆ.

"ಯಾರೂ ಹೇಳಿಲ್ಲ ಸರ್," ಎಂದಳು ರಾಧಾಮಣಿ. "ನಾನೇ."

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಾನು ಹೇಳುತ್ತಿದ್ದೆನೋ ಏನೋ. ಇದೂ ಒಂದು ನೆಪವೇ.

ಶಾಸಕರು ಇನ್ನೊಂದು ಸಲ ಕೇಳಿದರು. ಈ ಸಲದ ಉತ್ತರ ಹಿಂದಿನದಕ್ಕಿಂತ ಉದ್ದವಿತ್ತು. ನಿರ್ವಾಹಕರು ಮಹಿಳಾ ಪ್ರಯಾಣಿಕರಿಗೆ ಶೂನ್ಯ ದರದ ಟಿಕೆಟ್ ವಿತರಿಸದೆ ಕರ್ತವ್ಯಲೋಪ ಎಸಗಿರುವುದು ಕಂಡುಬಂದಿದ್ದು ಸದರಿಯವರ ಮೇಲೆ ಶಿಸ್ತು ಕ್ರಮ ಜರುಗಿಸಲಾಗಿದೆ, ಸದರಿ ಟ್ರಿಪ್ಪನ್ನು ಮೂರು ತಿಂಗಳು ಪ್ರಾಯೋಗಿಕವಾಗಿ ಮರಳಿ ಆರಂಭಿಸಲಾಗಿದೆ. ಅವಳ ಹೆಸರು ಹಾಕಿರಲಿಲ್ಲ. ಹೆಸರು ಹಾಕದಿದ್ದರೇನು, ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತು ದಿನ ಸಸ್ಪೆಂಡ್ ಮಾಡಿ, ಆಮೇಲೆ ಯಶವಂತಪುರದ ಕಡೆಯ ರೂಟಿಗೆ ಹಾಕಿದರು. ನಾಗೇಶನ ನೋಟೀಸು ವಾಪಸ್ಸಾಯಿತು. ಫಖ್ರುನ್ನೀಸಾಳ ಕೆಲಸ ಕೂದಲೆಳೆಯಲ್ಲಿ ಉಳಿಯಿತು.

ಬಸ್ಸು ಬಂದ ವಾರವೇ ನಾನು ಒಬ್ಬಳೇ ನಿರಂಜನ್ ಹತ್ತಿರ ಹೋಗಿ, ಎಬ್ಬಿಸಬೇಡ ಎಂದು ಹೇಳಿದವಳು ನಾನಪ್ಪಾ, ಅದನ್ನೂ ಬರೆದುಕೋ ಎಂದೆ. ಅವನು ಪೆನ್ನು ಮುಟ್ಟಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಫೈಲ್ ಕ್ಲೋಸ್ ಆಯ್ತು ಅಜ್ಜಿ. ಈಗ ಬರೆದ್ರೆ ಆ ಮೇಡಂನೇ ಮತ್ತೆ ಕರೆದು ವಿಚಾರಣೆ ಮಾಡ್ತಾರೆ. ನೀವು ಅವತ್ತು ಇಲ್ಲೇ ಕೂತಿದ್ರಲ್ಲ," ಎಂದ. ನೀರು ತರಿಸಿಕೊಟ್ಟ. ಕುಡಿದು ಬಂದೆ.

ಈಗಿನ ಕಂಡಕ್ಟರ್ ರಹಮತುಲ್ಲಾ ಎಂಬ ಗಂಡಸು. ಎಲ್ಲರನ್ನೂ ಎಬ್ಬಿಸುತ್ತಾನೆ, ದೀಪ ಆರಿಸುವುದಿಲ್ಲ. ಹೆಂಗಸರು ಗೊಣಗುತ್ತಾರೆ. ರಾಧಾಮಣಿ ಇದ್ದಾಗ ಹೀಗಿರಲಿಲ್ಲ ಎಂದು ಅವನ ಮುಖಕ್ಕೇ ಹೇಳುತ್ತಾರೆ. ಹೋದ ತಿಂಗಳು ಫಖ್ರುನ್ನೀಸಾ ಹಾಗೆ ಹೇಳಿದ ದಿನ ಅವಳಿಗೆ ಎಲ್ಲ ಹೇಳಿಬಿಟ್ಟೆ. ಅವಳ ಡಬ್ಬಿ ಚೆಲ್ಲಿದ ದಿನದಿಂದ ಹಿಡಿದು, ನನ್ನ ಚಪ್ಪಲಿಯವರೆಗೆ. ಅವಳು ಹೆಬ್ಬಾಳದವರೆಗೆ ಕಿಟಕಿಯ ಆಚೆ ನೋಡುತ್ತ ಕೂತಳು. ಆಮೇಲೆ, "ರಾಧಾಮಣಿಯವ್ರಿಗೆ ಹೇಳಿದ್ರಾ ಅಮ್ಮಾ, ತಪ್ಪಾಯ್ತು ಅಂತ?" ಎಂದು ಕೇಳಿದಳು. ಇಲ್ಲ ಎಂದೆ. ಈಗಲೂ ಅವಳು ಪಕ್ಕದ ಸೀಟಿನಲ್ಲೇ ಕೂರುತ್ತಾಳೆ, ಆದರೆ ಮೊದಲಿನಷ್ಟು ಮಾತಿಲ್ಲ.

ಮೊನ್ನೆ ಹೆಬ್ಬಾಳದ ಸ್ಟಾಪಿನಲ್ಲಿ ನಮ್ಮ ಬಸ್ಸಿನ ಪಕ್ಕ ಇನ್ನೊಂದು ಬಸ್ಸು ಬಂದು ನಿಂತಿತು. ಬಾಗಿಲಲ್ಲಿ ರಾಧಾಮಣಿ. ತೆಳ್ಳಗಾಗಿದ್ದಳು. ಅದೇ ಮಿಷಿನ್, ಅದರ ಮೇಲೆ ಅದೇ ಕೈ. ನನ್ನನ್ನು ನೋಡಿ ನಕ್ಕಳು. ಇಷ್ಟು ದಿನ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದ ಮಾತು ನಾಲಿಗೆಯವರೆಗೆ ಬಂತು. ನಾನು ಕಿಟಕಿಯ ಗಾಜು ಸರಿಸಲು ಪರದಾಡುತ್ತಿದ್ದೆ. ಅಷ್ಟರಲ್ಲಿ ಅವಳೇ ಆಚೆಯಿಂದ ಕೂಗಿ ಕೇಳಿದಳು.

"ಟಿಕೆಟ್ ಇಸ್ಕೊಂಡ್ರಾ ಅಜ್ಜಿ?"

ನಾನು ಚೀಟಿ ಎತ್ತಿ ತೋರಿಸಿದೆ. ಅವಳು ತಲೆಯಾಡಿಸಿ ಸೀಟಿ ಊದಿದಳು. ಗಾಜು ಸರಿದಾಗ ಆ ಬಸ್ಸು ಫ್ಲೈಓವರ್ ಹತ್ತುತ್ತಿತ್ತು.